ಮುಂದಿನ ಗಾಡಿ ಯಾಕೆ ನಿಂತಿದೆ? ಝೀಬ್ರಾ ಕ್ರಾಸಿಂಗ್ ಮತ್ತು ಓವರ್‌ಟೇಕ್ ಬಗ್ಗೆ ಓದುಗರ ಪ್ರಶ್ನೆಗಳು

ಈ ಸಲ ಬಂದಿರೋ ಪತ್ರಗಳಲ್ಲಿ ಸುಮಾರು ಒಂದೇ ವಿಷಯದ ಮೇಲಿವೆ, ಜನ ರಸ್ತೆ ದಾಟೋ ಕಡೆ ಗಾಡಿಯವರು ಓವರ್‌ಟೇಕ್ ಮಾಡೋದು. ಹಾಗಾಗಿ ಬೇರೆ ಪ್ರಶ್ನೆಗಳನ್ನ ಮುಂದಿನ ಸಂಚಿಕೆಗೆ ಇಟ್ಕೊಂಡು ಇದನ್ನೇ ತಗೊಂಡಿದೀನಿ.

ಸರ್, ನಾನು ದಿನಾ ಕಾರಲ್ಲಿ ಆಫೀಸಿಗೆ ಹೋಗೋಳು. ದಾರೀಲಿ ಸಿಗ್ನಲ್ ಇಲ್ಲದ ಒಂದು ಝೀಬ್ರಾ ಕ್ರಾಸಿಂಗ್ ಇದೆ, ಪಕ್ಕದಲ್ಲೇ ಆಸ್ಪತ್ರೆ, ಯಾವಾಗಲೂ ವಯಸ್ಸಾದವರು ದಾಟೋಕೆ ಕಾಯ್ತಾ ಇರ್ತಾರೆ. ನಾನು ನಿಲ್ಲಿಸ್ತೀನಿ. ನಿಲ್ಲಿಸಿದ ತಕ್ಷಣ ಹಿಂದಿನವರು ಹಾರ್ನ್ ಮೇಲೆ ಹಾರ್ನ್, ಬೈಕ್‌ನವರು ನನ್ನ ಎಡಕ್ಕೂ ಬಲಕ್ಕೂ ನುಗ್ತಾರೆ. ಹೋದ ವಾರ ನಾನು ನಿಲ್ಲಿಸಿದೆ ಅಂತ ದಾಟೋಕೆ ಶುರು ಮಾಡಿದ ಒಬ್ಬರು ಅಜ್ಜಿಗೆ ಬೈಕ್ ಕೂದಲೆಳೆ ಅಂತರದಲ್ಲಿ ತಪ್ಪಿತು. ನಾನು ನಿಲ್ಲಿಸದೇ ಇದ್ದಿದ್ರೆ ಅವರು ದಾಟ್ತಾನೇ ಇರಲಿಲ್ಲ ಅಲ್ವಾ? ನಿಲ್ಲಿಸೋದೇ ತಪ್ಪಾ?
(ಓದುಗರು, ವಿಜಯನಗರ, ಬೆಂಗಳೂರು)

ಮೇಡಂ, ನಿಲ್ಲಿಸೋದು ತಪ್ಪಲ್ಲ, ದಯವಿಟ್ಟು ನಿಲ್ಲಿಸೋದನ್ನ ಬಿಡಬೇಡಿ. ಕಾನೂನು ನಿಮ್ಮ ಕಡೆ ಇದೆ. 2017ರಲ್ಲಿ ಬಂದ ಕೇಂದ್ರದ ಮೋಟಾರು ವಾಹನ ಚಾಲನಾ ನಿಯಮಗಳ ಪ್ರಕಾರ ಕ್ರಾಸಿಂಗ್ ಹತ್ರ ಬಂದಾಗ ಸ್ಪೀಡ್ ಇಳಿಸಿ, ನಿಂತು, ದಾಟೋರಿಗೆ ದಾರಿ ಬಿಡಬೇಕು. ಅದಕ್ಕೂ ಮುಂಚೆ ಇದ್ದ 1989ರ ನಿಯಮದಲ್ಲೂ ದಾಟೋರಿಗೆ ಅಪಾಯ ಇಲ್ಲ ಅಂತ ಖಾತ್ರಿ ಆಗೋವರೆಗೂ ಕ್ರಾಸಿಂಗ್ ಒಳಗೆ ನುಗ್ಗೋ ಹಾಗಿಲ್ಲ ಅಂತ ಸ್ಪಷ್ಟವಾಗಿ ಇತ್ತು. ಅಂದ್ರೆ ಇದು ಹೊಸದಾಗಿ ಬಂದ ರೂಲ್ ಏನಲ್ಲ, ನಾವು ಪಾಲಿಸ್ತಾ ಇಲ್ಲ ಅಷ್ಟೇ.

ಆದ್ರೆ ನೀವು ಹೇಳಿದ ಅಪಾಯ ನಿಜವಾದ ಅಪಾಯ. ನೀವು ನಿಂತಿದೀರ, ನಿಮ್ಮ ಮುಂದೆ ಅಜ್ಜಿ ದಾಟ್ತಾ ಇದಾರೆ, ಹಿಂದಿಂದ ಬರೋ ಬೈಕ್‌ನವನಿಗೆ ನಿಮ್ಮ ಕಾರು ಕಾಣುತ್ತೆ, ಅಜ್ಜಿ ಕಾಣಲ್ಲ, ಅಜ್ಜಿಗೂ ಅವನು ಕಾಣಲ್ಲ. ನಿಮ್ಮ ಕಾರೇ ಇಬ್ಬರ ಮಧ್ಯೆ ಗೋಡೆ. ಅವನ ತಲೆಲಿ ಓಡೋದು ಒಂದೇ, ಇವರು ಯಾಕೋ ನಿಲ್ಸಿದಾರೆ, ಫೋನ್ ಬಂತೇನೋ, ಗಾಡಿ ಕೆಟ್ಟಿತೇನೋ, ನಾನು ಸೈಡ್‌ನಲ್ಲಿ ಹೋಗ್ತೀನಿ ಅಂತ. ಕ್ರಾಸಿಂಗ್ ಹತ್ರ ನಿಂತಿರೋ ಗಾಡಿ ಜನಕ್ಕೋಸ್ಕರ ನಿಂತಿರಬಹುದು ಅನ್ನೋ ಯೋಚನೆ ಅವನಿಗೆ ಬರೋದೇ ಇಲ್ಲ. ನಾನು ಡ್ರೈವಿಂಗ್ ಕಲಿಸುವಾಗ ಎಲ್ಲಕ್ಕಿಂತ ಹೆಚ್ಚು ಸಲ ಹೇಳೋ ಮಾತು ಇದೇ: ಮುಂದಿನ ಗಾಡಿ ಯಾಕೆ ನಿಂತಿದೆ ಅಂತ ಗೊತ್ತಾಗೋವರೆಗೂ ಅದನ್ನ ದಾಟಿ ಹೋಗಬೇಡಿ.

ಲೆಕ್ಕ ಹಾಕಿ ನೋಡಿ. ಗಂಟೆಗೆ 40 ಕಿಲೋಮೀಟರ್ ಸ್ಪೀಡಲ್ಲಿ ಗಾಡಿ ಒಂದು ಸೆಕೆಂಡಿಗೆ 11 ಮೀಟರ್ ಹೋಗುತ್ತೆ. ಕಣ್ಣಿಗೆ ಬಿದ್ದು ಕಾಲು ಬ್ರೇಕ್ ಮೇಲೆ ಹೋಗೋಕೇ ಒಂದು ಸೆಕೆಂಡ್ ಬೇಕು, ಆಮೇಲೆ ಒಣ ರಸ್ತೆಲಿ ಗಾಡಿ ನಿಲ್ಲೋಕೆ ಇನ್ನೊಂದು 10 ಮೀಟರ್. ಒಟ್ಟು 20 ಮೀಟರ್ ದಾಟಿತು. ನಿಮ್ಮ ಕಾರಿನ ಬಾನೆಟ್ ಪಕ್ಕದಿಂದ ಅಜ್ಜಿ ಒಂದು ಹೆಜ್ಜೆ ಆಚೆ ಇಟ್ಟಾಗ ಬೈಕ್ ಇರೋದು ನಾಲ್ಕೈದು ಮೀಟರ್ ದೂರದಲ್ಲಿ. ಎಷ್ಟೇ ಚೆನ್ನಾಗಿ ಓಡಿಸೋನಾದ್ರೂ, ಗಾಡಿಗೆ ಎಬಿಎಸ್ ಇದ್ರೂ, ಅಲ್ಲಿ ಬ್ರೇಕ್ ಹಿಡಿಯೋಕೆ ಜಾಗಾನೇ ಇಲ್ಲ.

ಈಗ ನೀವು ಮಾಡಬಹುದಾದ್ದು. ಕ್ರಾಸಿಂಗ್ ಕಂಡ ಕೂಡಲೇ, ಇನ್ನೂ 40-50 ಮೀಟರ್ ಇರುವಾಗಲೇ ಕನ್ನಡಿ ನೋಡಿ, ಬ್ರೇಕ್ ಪೆಡಲ್‌ನ ಎರಡು ಮೂರು ಸಲ ಹಗುರಾಗಿ ಒತ್ತಿ, ಹಿಂದಿನವರಿಗೆ ನಿಮ್ಮ ಬ್ರೇಕ್ ಲೈಟ್ ಮಿನುಗೋದು ಕಾಣಲಿ. ಕಿಟಕಿ ಇಳಿಸಿ ಬಲಗೈ ಆಚೆ ಚಾಚಿ ಅಂಗೈ ಕೆಳಗೆ ಮಾಡಿ ಮೇಲೆ ಕೆಳಗೆ ಆಡಿಸೋದು ನಿಧಾನ ಮಾಡ್ತಿದೀನಿ ಅನ್ನೋ ಸಿಗ್ನಲ್, ಹಳೇ ಲಾರಿ ಡ್ರೈವರ್‌ಗಳು ಈಗಲೂ ಹಾಕ್ತಾರೆ, ಹೊಸಬರು ಮರೆತೇ ಬಿಟ್ಟಿದಾರೆ, ಆದ್ರೆ ಇಂಥ ಕಡೆ ಅದರಷ್ಟು ಕೆಲಸ ಮಾಡೋದು ಬೇರೆ ಇಲ್ಲ. ಮತ್ತೆ ಝೀಬ್ರಾ ಪಟ್ಟೆಗೆ ಮೂತಿ ತಾಗೋ ಹಾಗೆ ನಿಲ್ಲಿಸಬೇಡಿ, ಸ್ಟಾಪ್ ಲೈನ್ ಇದ್ರೆ ಅಲ್ಲೇ, ಇಲ್ಲದಿದ್ರೆ ಮೂರು ನಾಲ್ಕು ಮೀಟರ್ ಹಿಂದೆಯೇ ನಿಲ್ಲಿ. ನೀವು ಹಿಂದೆ ನಿಂತಷ್ಟೂ ಪಕ್ಕದ ಲೇನಿನವರಿಗೆ ದಾಟೋರು ಬೇಗ ಕಾಣ್ತಾರೆ, ದಾಟೋರಿಗೂ ಬರೋ ಬೈಕ್ ಕಾಣುತ್ತೆ.

ಇನ್ನೊಂದು ಮುಖ್ಯ, "ಬನ್ನಿ ಬನ್ನಿ" ಅಂತ ಕೈ ಬೀಸಿ ಕರೀಬೇಡಿ. ನೀವು ಒಳ್ಳೆ ಮನಸ್ಸಿಂದಲೇ ಕರೆಯೋದು, ಆದ್ರೆ ಅವರು ನಿಮ್ಮ ಕೈ ನಂಬಿ ಆ ಕಡೆ ಲೇನ್ ನೋಡೋದನ್ನೇ ಬಿಡ್ತಾರೆ. ನೀವು ಸುಮ್ಮನೆ ನಿಂತಿರಿ, ನಿರ್ಧಾರ ಅವರೇ ಮಾಡಲಿ. ಕನ್ನಡಿಯಲ್ಲಿ ಯಾರಾದ್ರೂ ನುಗ್ತಾ ಇರೋದು ಕಂಡ್ರೆ ಆಗ ಹಾರ್ನ್ ಹೊಡೀರಿ, ಅಂಗೈ ಎತ್ತಿ ದಾಟೋರನ್ನ ತಡೀರಿ. ಹಿಂದಿನವರ ಹಾರ್ನ್‌ಗೆ ತಲೆ ಕೆಡಿಸ್ಕೊಬೇಡಿ. ನಿಮ್ಮ ಹಿಂದೆ ಸಾಕಷ್ಟು ಅಂತರ ಇಟ್ಕೊಳ್ಳೋ ಜವಾಬ್ದಾರಿ ಅವರದು, ಕಾರಣ ಇಲ್ಲದೆ ದಿಢೀರ್ ಅಂತ ಬ್ರೇಕ್ ಹಾಕದೇ ಇರೋ ಜವಾಬ್ದಾರಿ ಮಾತ್ರ ನಿಮ್ಮದು.

ನಾನು ಎಲ್‌ಎಲ್‌ಆರ್‌ಗೆ ಓದ್ತಾ ಇದೀನಿ. ಕ್ರಾಸಿಂಗ್ ಹತ್ರ ಓವರ್‌ಟೇಕ್ ಮಾಡಬಾರದು ಅಂತ ನಮ್ಮಣ್ಣ ಹೇಳ್ತಾನೆ, ಫ್ರೆಂಡ್ಸು ಹಂಗೇನೂ ಇಲ್ಲ, ಜನ ಇಲ್ಲದಿದ್ರೆ ಮಾಡಬಹುದು ಅಂತಾರೆ. ಯಾವುದು ಸರಿ? ಫೈನ್ ಎಷ್ಟು?
(ಓದುಗ, ತುಮಕೂರು)

ನಿಮ್ಮಣ್ಣ ಹೇಳೋದನ್ನ ಕೇಳಿ ತಮ್ಮಾ. ಓವರ್‌ಟೇಕ್ ಬಗ್ಗೆ ಕಾನೂನಿನ ಮೂಲ ಮಾತು ಎರಡು. ಯಾವ ದಿಕ್ಕಿನಲ್ಲಿ ಬರೋರಿಗೇ ಆಗಲಿ ತೊಂದರೆ, ಅಪಾಯ ಆಗೋ ಹಾಗಿದ್ರೆ ಮಾಡಬಾರದು. ತಿರುವು, ದಿಬ್ಬ, ಇಲ್ಲಾ ಬೇರೆ ಯಾವುದೇ ಅಡ್ಡ ಇದ್ದು ಮುಂದಿನ ರಸ್ತೆ ಸರಿಯಾಗಿ ಕಾಣದೇ ಇದ್ರೆ ಮಾಡಬಾರದು. ಈಗ ಯೋಚನೆ ಮಾಡಿ, ಕ್ರಾಸಿಂಗ್ ಹತ್ರ ಒಂದು ಬಸ್ ನಿಧಾನ ಆಗ್ತಾ ಇದೆ, ನೀನು ಅದರ ಹಿಂದೆ ಇದೀಯ. 11-12 ಮೀಟರ್ ಉದ್ದದ ಬಸ್ಸು, ಅದರ ಮುಂದೆ ಜನ ಇದಾರೋ ಇಲ್ವೋ ನಿನಗೆ ಹೇಗೆ ಗೊತ್ತು? "ಜನ ಇಲ್ಲ" ಮತ್ತೆ "ಜನ ಕಾಣ್ತಿಲ್ಲ" ಎರಡೂ ಒಂದೇ ಅಂದ್ಕೊಂಡಿರೋದೇ ನಿನ್ನ ಫ್ರೆಂಡ್ಸ್ ಮಾಡ್ತಿರೋ ತಪ್ಪು.

ಎಲ್‌ಎಲ್‌ಆರ್ ಟೆಸ್ಟಲ್ಲೇ ಈ ಪ್ರಶ್ನೆ ಬರುತ್ತೆ ನೋಡು, ಕ್ರಾಸಿಂಗ್ ಹತ್ರ ಜನ ದಾಟೋಕೆ ಕಾಯ್ತಾ ಇದ್ರೆ ಏನ್ ಮಾಡ್ತೀರ ಅಂತ. ಉತ್ತರ, ಗಾಡಿ ನಿಲ್ಲಿಸಿ ಅವರು ದಾಟೋವರೆಗೂ ಕಾದು ಆಮೇಲೆ ಹೋಗೋದು. ಎಲ್ಲರೂ ಸರಿಯಾದ ಉತ್ತರಾನೇ ಒತ್ತಿ ಪಾಸಾಗ್ತಾರೆ. ಆರ್‌ಟಿಒ ಆಫೀಸಿನ ಗೇಟ್ ದಾಟಿ ಆಚೆ ಬಂದ ಮೇಲೆ ಅದೇ ರಸ್ತೆಲಿ ಎಷ್ಟು ಜನ ನಿಲ್ಲಿಸ್ತಾರೆ ಅಂತ ಒಂದು ದಿನ ನಿಂತು ನೋಡು, ನನಗೆ ಬೇಜಾರಾಗೋದು ಅಲ್ಲಿ.

ಶಿಕ್ಷೆ ವಿಷಯ. 2019ರ ತಿದ್ದುಪಡಿ ಆದ ಮೇಲೆ ಮೋಟಾರು ವಾಹನ ಕಾಯ್ದೆಯ 184ನೇ ಸೆಕ್ಷನ್‌ನಲ್ಲಿ ಕಾನೂನಿಗೆ ವಿರುದ್ಧವಾಗಿ ಓವರ್‌ಟೇಕ್ ಮಾಡೋದನ್ನ ಅಪಾಯಕಾರಿ ಚಾಲನೆ ಪಟ್ಟಿಗೆ ಹೆಸರು ಹಿಡಿದು ಸೇರಿಸಿದಾರೆ, ಸಿಗ್ನಲ್ ಜಂಪ್, ಒನ್ ವೇ ವಿರುದ್ಧ ಬರೋದು, ಫೋನ್ ಹಿಡ್ಕೊಂಡು ಓಡಿಸೋದರ ಜೊತೆಗೆ. ಮೊದಲ ಸಲ ಕೋರ್ಟಲ್ಲಿ ಸಾಬೀತಾದ್ರೆ 6 ತಿಂಗಳಿಂದ 1 ವರ್ಷದವರೆಗೆ ಜೈಲು, ಇಲ್ಲಾ 1,000ದಿಂದ 5,000 ರೂಪಾಯಿ ದಂಡ, ಇಲ್ಲಾ ಎರಡೂ. ಯಾರಾದ್ರೂ ಸತ್ತರೆ ಅದು ಬೇರೇನೇ ಕೇಸು, ಭಾರತೀಯ ನ್ಯಾಯ ಸಂಹಿತೆಯ 106ನೇ ಸೆಕ್ಷನ್, 5 ವರ್ಷದವರೆಗೆ ಜೈಲಾಗಬಹುದು.

ನಮಸ್ಕಾರ್ರೀ. ನಮ್ಮೂರಾಗ ಚಿಗರಿ ಬಸ್ಸಿನ ಸ್ಟೇಷನ್ನು ರಸ್ತೆ ನಡಬರಕ ಅದಾವ, ಹತ್ತಬೇಕಂದ್ರ ಅರ್ಧಾ ರಸ್ತೆ ದಾಟಿ ಹೋಗಬೇಕು. ಕಾರಿನವ್ರು ನಿಂತ್ರೂ ಬಾಜೂಕಿಂದ ಬೈಕ್‌ನವ್ರು ಭರ್ರಂತ ಬರ್ತಾರ. ನಮ್ಮ ಅವ್ವಗ ಮೊಣಕಾಲು ನೋವು, ಲಗೂ ಲಗೂ ನಡಿಯಾಕ ಆಗಂಗಿಲ್ಲ. ಆಕಿನ ಕರ್ಕೊಂಡು ಹೆಂಗ ದಾಟಬೇಕ್ರೀ?
(ಓದುಗರು, ಹುಬ್ಬಳ್ಳಿ)

ಅಕ್ಕಾರ, ಇದನ್ನ ನಿಧಾನಕ್ಕೆ ಹೇಳ್ತೀನಿ, ಯಾಕಂದ್ರೆ ವಯಸ್ಸಾದವರನ್ನ ಕರ್ಕೊಂಡು ದಾಟೋ ಎಲ್ಲರಿಗೂ ಇದು ಬೇಕಾಗುತ್ತೆ.

ಎರಡು ಲೇನ್ ಅಂದ್ರೆ ಸುಮಾರು 7 ಮೀಟರ್. ಗಟ್ಟಿಮುಟ್ಟಾಗಿರೋರು ಅದನ್ನ 6 ಸೆಕೆಂಡಲ್ಲಿ ದಾಟ್ತಾರೆ, ಮೊಣಕಾಲು ನೋವಿರೋ ಅವ್ವಗೆ 9 ಸೆಕೆಂಡ್ ಬೇಕಾಗಬಹುದು. ಆ 9 ಸೆಕೆಂಡಲ್ಲಿ 40ರಲ್ಲಿ ಬರೋ ಬೈಕು 100 ಮೀಟರ್ ಬಂದುಬಿಡುತ್ತೆ. ಅಂದ್ರೆ "ಅಲ್ಲೆಲ್ಲೋ ದೂರದಾಗ ಐತಿ" ಅನ್ನಿಸಿದ ಬೈಕು ಅವ್ವ ಆ ಕಡೆ ಮುಟ್ಟೋ ಹೊತ್ತಿಗೆ ಎದುರಿಗೇ ಇರುತ್ತೆ. ನಿಮ್ಮ ನಡಿಗೆಯ ಲೆಕ್ಕದಲ್ಲಿ ನೋಡಬೇಡಿ, ಅವ್ವನ ನಡಿಗೆಯ ಲೆಕ್ಕದಲ್ಲಿ ನೋಡಿ.

ನಡೆಯೋರಿಗೆ ಸಿಗ್ನಲ್ ಇರೋ ಕಡೇಲೇ ದಾಟಿ, ಸ್ವಲ್ಪ ಸುತ್ತಾದ್ರೂ ಪರವಾಗಿಲ್ಲ. ಹಸಿರು ಮನುಷ್ಯನ ಗುರುತು ಬರೋದನ್ನ ಕಾದು, ಹೊಸದಾಗಿ ಹಸಿರು ಬಿದ್ದಾಗಲೇ ಇಳೀರಿ. ಈಗಾಗಲೇ ಬಿದ್ದು ಅರ್ಧ ಟೈಮ್ ಮುಗಿದಿದ್ರೆ ಬೇಡ, ಇನ್ನೊಂದು ಸಲಕ್ಕೆ ಕಾಯಿರಿ. ಕಾರು ನಿಂತಿತು ಅಂತ ಒಂದೇ ದಮ್ಮಿಗೆ ಹೋಗಬೇಡಿ. ನಿಂತಿರೋ ಕಾರಿನ ಬಲಮೂಲೆವರೆಗೆ ಹೋಗಿ, ಅಲ್ಲಿ ನಿಂತು, ಕುತ್ತಿಗೆ ಚಾಚಿ ಮುಂದಿನ ಲೇನ್ ನೋಡಿ, ಬೈಕ್ ಬರ್ತಿಲ್ಲ ಇಲ್ಲಾ ಬೈಕ್ ನಿಂತಿದೆ ಅಂತ ಕಣ್ಣಾರೆ ಕಂಡ ಮೇಲೆ ಮುಂದಿನ ಹೆಜ್ಜೆ. ನೀವು ಗಾಡಿ ಬರೋ ಕಡೆ ಇರಿ, ಅವ್ವ ಆ ಕಡೆ ಪಕ್ಕಕ್ಕೆ ಇರಲಿ. ಅವ್ವನ ಕೈ ಎಳೀಬೇಡಿ, ತೋಳು ಹಿಡೀರಿ. ಎಳೆದ್ರೆ ಮೊಣಕಾಲು ನೋವಿರೋರು ಮುಗ್ಗರಿಸ್ತಾರೆ. ರಾತ್ರಿ ಹೊತ್ತು ಆದ್ರೆ ಫೋನಿನ ಟಾರ್ಚ್ ಹಾಕ್ಕೊಂಡು ಕೆಳಗೆ ಬಿಟ್ಟಿರಿ, ಕಪ್ಪು ರಸ್ತೆ ಮೇಲೆ ಗಾಢ ಬಣ್ಣದ ಸೀರೆ ಹೆಡ್‌ಲೈಟಿಗೆ ತೀರಾ ಹತ್ತಿರ ಬರೋವರೆಗೂ ಕಾಣಲ್ಲ.

ಇದೆಲ್ಲ ನಡೆಯೋರು ಮಾಡಬೇಕಾದ್ದು ಅಂತ ಹೇಳುವಾಗ ನನಗೆ ಸಂಕಟಾನೂ ಆಗುತ್ತೆ. ಹಸಿರು ಬಿದ್ದಿರೋ ಕ್ರಾಸಿಂಗಲ್ಲಿ ಒಬ್ಬ ತಾಯಿ ಹೀಗೆ ಇಣುಕಿ ಇಣುಕಿ ದಾಟೋ ಪರಿಸ್ಥಿತಿ ಬರಬಾರದು, ಅಲ್ಲಿ ತಪ್ಪು ಪೂರ್ತಿ ಬೈಕ್‌ನವನದೇ. ದೇಶದಲ್ಲಿ 2022ರಲ್ಲಿ ರಸ್ತೆ ಅಪಘಾತದಲ್ಲಿ ಸತ್ತವರು 1,68,491 ಜನ, ಅದರಲ್ಲಿ ನಡ್ಕೊಂಡು ಹೋಗ್ತಿದ್ದವರೇ 32,825, ಸರ್ಕಾರದ್ದೇ ಲೆಕ್ಕ. ಐದರಲ್ಲಿ ಒಬ್ಬರು ಹತ್ರ ಹತ್ರ. ಅದಕ್ಕೇ ಹಕ್ಕು ನಮ್ಮದೇ ಆದ್ರೂ ಕಣ್ಣು ಬಿಟ್ಕೊಂಡೇ ದಾಟಬೇಕು ಅನ್ನೋದು.

ನಾನು ಎಕ್ಸ್‌ಪ್ರೆಸ್ ಬಸ್ ಡ್ರೈವರ್ ಮಾರಾಯ್ರೆ. ಎನ್‌ಎಚ್ 66ರಲ್ಲಿ ದಿನಾ ಓಡುವುದು. ನಮಗೆ ಟೈಮಿಂಗ್ ಉಂಟು, ಎರಡು ನಿಮಿಷ ಲೇಟಾದ್ರೆ ಹಿಂದಿನ ಬಸ್ಸಿನವ ಬಂದು ಜಗಳ, ಕಲೆಕ್ಷನ್ ಹೋಗ್ತದೆ, ಧಣಿಗಳ ಹತ್ರ ಬೈಗಳು. ಜನ ಹೈವೇಯಲ್ಲಿ ಡಿವೈಡರ್ ಹಾರಿ ಎಲ್ಲಿ ಬೇಕಾದ್ರೂ ದಾಟ್ತಾರೆ. ಏನಾದ್ರೂ ಆದ್ರೆ ತಪ್ಪು ಡ್ರೈವರಂದೇ ಅಂತ ಎಲ್ಲರೂ ಹೇಳುವುದು. ನೀವು ಸ್ವಲ್ಪ ನಮ್ಮ ಕಷ್ಟ ಕೂಡ ಬರೀರಿ.
(ಓದುಗರು, ಉಡುಪಿ ಜಿಲ್ಲೆ)

ಬರೀತೀನಿ ಅಣ್ಣ, ನೀವು ಪತ್ರ ಬರೆದದ್ದೇ ಸಂತೋಷ. ನಾಲ್ಕು ಲೇನ್ ರಸ್ತೆ ಊರಿನ ಮಧ್ಯೆ ಹಾದು ಹೋಗಿದೆ, ಈ ಕಡೆ ಮನೆ, ಆ ಕಡೆ ಬಸ್ ಸ್ಟಾಪ್, ಮೀನು ಮಾರ್ಕೆಟ್ಟು, ಶಾಲೆ. ಅಂಡರ್‌ಪಾಸ್ ಅರ್ಧ ಕಿಲೋಮೀಟರ್ ಆಚೆ ಇದ್ರೆ ಬುಟ್ಟಿ ಹೊತ್ಕೊಂಡಿರೋ ಹೆಂಗಸು ಅಲ್ಲಿವರೆಗೆ ನಡ್ಕೊಂಡು ಹೋಗಿ ವಾಪಸ್ ಬರಲ್ಲ, ಎದುರಿಗೇ ದಾಟ್ತಾಳೆ. ಅದು ಅಪಾಯ, ದಾಟಬಾರದು, ಡಿವೈಡರ್ ಹಾರೋದಂತೂ ಖಂಡಿತ ಮಾಡಬಾರದು. ಅಪಘಾತ ಆಗಿ ಪರಿಹಾರದ ಕೇಸು ನಡೆದಾಗ ನಡೆಯೋರದ್ದೂ ತಪ್ಪಿದ್ರೆ ಟ್ರಿಬ್ಯೂನಲ್ ಆ ಪಾಲನ್ನ ಕಳೆದೇ ಪರಿಹಾರ ಕೊಡೋದು, ಹಾಗಾಗಿ ಕಾನೂನು ಯಾವಾಗಲೂ ಡ್ರೈವರ್ ಮೇಲೇ ಹಾಕುತ್ತೆ ಅನ್ನೋದು ಪೂರ್ತಿ ನಿಜ ಅಲ್ಲ. ಆದ್ರೆ ಜನ ಎಲ್ಲಿ ದಾಟ್ತಾರೆ ಅನ್ನೋದು ದಿನಾ ಓಡಿಸೋ ನಿಮಗಿಂತ ಚೆನ್ನಾಗಿ ಯಾರಿಗೆ ಗೊತ್ತು ಹೇಳಿ? ಯಾವ ಸ್ಟಾಪಲ್ಲಿ ಬೆಳಿಗ್ಗೆ ಎಂಟೂವರೆಗೆ ಕಾಲೇಜು ಮಕ್ಕಳು ದಾಟ್ತಾರೆ ಅಂತ ನಿಮಗೆ ಕಣ್ಣು ಮುಚ್ಚಿದ್ರೂ ಗೊತ್ತು.

ಟೈಮಿಂಗ್ ಲೆಕ್ಕ ಒಂದು ಹೇಳ್ತೀನಿ. 60ರಲ್ಲಿ ಹೋಗ್ತಿರೋ ಬಸ್ಸನ್ನ ಕ್ರಾಸಿಂಗ್ ಇರೋ 100 ಮೀಟರ್‌ಗೆ ಮಾತ್ರ 30ಕ್ಕೆ ಇಳಿಸಿದ್ರೆ 6 ಸೆಕೆಂಡ್ ಇರೋದು 12 ಸೆಕೆಂಡ್ ಆಗುತ್ತೆ. ಸ್ಪೀಡ್ ಇಳಿಸಿ ಮತ್ತೆ ಏರಿಸೋಕೆ ಇನ್ನೊಂದು ನಾಲ್ಕೈದು ಸೆಕೆಂಡ್ ಸೇರಿಸಿ. ದಾರೀಲಿ ಅಂಥ ಹತ್ತು ಜಾಗ ಇದ್ರೂ ಒಂದು ಟ್ರಿಪ್ಪಿಗೆ ಎರಡು ನಿಮಿಷದೊಳಗೆ ಮುಗೀತು. ಆ ಎರಡು ನಿಮಿಷಾನೇ ಜಗಳಕ್ಕೆ ಕಾರಣ ಅಂತ ನೀವು ಹೇಳ್ತೀರ, ಒಪ್ತೀನಿ, ಅದಕ್ಕೇ ಇದು ಒಬ್ಬ ಡ್ರೈವರ್ ಒಬ್ಬನೇ ಸರಿ ಮಾಡೋ ಕೆಲಸ ಅಲ್ಲ. ಆ ರೂಟಿನ ಬಸ್ಸಿನವರೆಲ್ಲ, ಧಣಿಗಳೂ ಸೇರಿ ಕೂತು ಟೈಮಿಂಗಿಗೆ ಎರಡು ನಿಮಿಷ ಸೇರಿಸ್ಕೊಬೇಕು, ಎಲ್ಲರಿಗೂ ಒಂದೇ ಸಲ ಸೇರಿಸಿದ್ರೆ ಕಲೆಕ್ಷನ್ ಯಾರದ್ದೂ ಹೋಗಲ್ಲ.

ನಿಮಗೆ ನನ್ನ ಕಳಕಳಿಯ ಮಾತು ಒಂದೇ, ಸ್ಟಾಪಲ್ಲಿ ನಿಂತಿರೋ ಬಸ್ಸನ್ನ ಬಲದಿಂದ ಪಾಸ್ ಮಾಡುವಾಗ. ಇಳಿದ ಪ್ರಯಾಣಿಕರು ಅದೇ ಬಸ್ಸಿನ ಮುಂದಿಂದಲೇ ದಾಟೋದು ನಮ್ಮ ಜನರ ಅಭ್ಯಾಸ. ಅಲ್ಲಿ 20ರ ಒಳಗೆ ಇಳಿಸಿ, ಸಾಧ್ಯವಾದಷ್ಟು ಬಲಕ್ಕೆ ಸರಿದು ಆ ಬಸ್ಸಿಗೂ ನಿಮಗೂ ಮಧ್ಯೆ ಜಾಗ ಬಿಟ್ಟು, ಕಾಲು ಬ್ರೇಕ್ ಮೇಲೆ ಇಟ್ಕೊಂಡೇ ಹೋಗಿ. ಆ ಬಸ್ಸಿನ ಅಡಿಯಲ್ಲಿ ಮುಂದಿನ ಚಕ್ರದ ಆಚೆ ಕಾಲುಗಳು ಓಡಾಡೋದು ದೂರದಿಂದಲೇ ಕಾಣುತ್ತೆ, ನೋಡೋ ಅಭ್ಯಾಸ ಮಾಡ್ಕೊಳ್ಳಿ, ಕಾಲು ಕಂಡ್ರೆ ನಿಂತೇ ಬಿಡಿ.

ನನ್ನ ಮಗಳು ಎರಡನೇ ಕ್ಲಾಸು. ಸ್ಕೂಲ್ ವ್ಯಾನು ಮನೆ ಎದುರು ರಸ್ತೆಯ ಆ ಕಡೆ ಇಳಿಸಿ ಹೋಗುತ್ತೆ. ನನ್ನ ಕಂಡ ತಕ್ಷಣ ವ್ಯಾನಿನ ಮುಂದಿಂದ ಓಡಿ ಬರ್ತಾಳೆ, ಜೀವ ಬಾಯಿಗೆ ಬರುತ್ತೆ.
(ಓದುಗರು, ದಾವಣಗೆರೆ)

ಅಮ್ಮಾ, ನೀವು ಈ ಕಡೆ ಕಾಯೋದನ್ನ ಇವತ್ತಿಂದಲೇ ನಿಲ್ಲಿಸಿ. ನೀವೇ ಆ ಕಡೆಗೆ ಹೋಗಿ ವ್ಯಾನ್ ಬಾಗಿಲ ಹತ್ರಾನೇ ನಿಂತಿರಿ. ಮಗು ಓಡೋದು ಅಮ್ಮ ಎದುರಿಗೆ ಕಂಡಾಗ, ಅಮ್ಮ ಪಕ್ಕದಲ್ಲೇ ಇದ್ರೆ ಓಡೋ ಕಾರಣಾನೇ ಇಲ್ಲ. ವ್ಯಾನ್ ಹೊರಟು ರಸ್ತೆ ಎರಡೂ ಕಡೆ ಪೂರ್ತಿ ಕಾಣೋವರೆಗೂ ದಾಟಬೇಡಿ. ನೀವು ಬರೋದು ತಡವಾದ್ರೆ ಮಗೂನ ಇಳಿಸಬೇಡಿ, ಕೂರಿಸ್ಕೊಂಡೇ ಇರಿ ಅಂತ ಡ್ರೈವರ್‌ಗೆ ಹೇಳಿಡಿ. ಆ ವಯಸ್ಸಿನ ಮಕ್ಕಳಿಗೆ ಬರೋ ಗಾಡಿ ಎಷ್ಟು ಸ್ಪೀಡಲ್ಲಿದೆ ಅಂತ ಅಂದಾಜು ಸಿಗಲ್ಲ, ಎತ್ತರಾನೂ ಕಮ್ಮಿ, ವ್ಯಾನಿನ ಬಾನೆಟ್ಟಿಗಿಂತ ತಲೆ ಮೇಲೆ ಬರಲ್ಲ, ಹಿಂದಿಂದ ಓವರ್‌ಟೇಕ್ ಮಾಡೋನಿಗೆ ಕಾಣೋ ಸಾಧ್ಯತೇನೇ ಇಲ್ಲ. ಬೈದು ಹೇಳಿದ್ರೆ ಎರಡು ದಿನ ನೆನಪಿರುತ್ತೆ, ಮೂರನೇ ದಿನ ಮತ್ತೆ ಓಡ್ತಾಳೆ, ಜಾಗ ಬದಲಾಯಿಸೋದೇ ದಾರಿ.

ನಾವು ಮಗನ ಮನೆಗೆ ಇಂಗ್ಲೆಂಡಿಗೆ ಬಂದಿದೀವಿ. ಇಲ್ಲಿ ಝೀಬ್ರಾ ಹತ್ರ ರಸ್ತೆ ಬದಿ ಹಾವಿನ ಥರ ಬಿಳಿ ಗೆರೆ ಎಳೆದಿದಾರೆ, ಏನದು? ನಮ್ಮಲ್ಲಿ ಯಾಕಿಲ್ಲ?
(ಓದುಗರು, ರೆಡಿಂಗ್)

ಅದು ಝಿಗ್‌ಝ್ಯಾಗ್ ಗೆರೆ ಸರ್. ಆ ಗೆರೆ ಇರೋ ಜಾಗದಲ್ಲಿ ಪಾರ್ಕ್ ಮಾಡೋ ಹಾಗಿಲ್ಲ, ಕ್ರಾಸಿಂಗಿಗೆ ಎಲ್ಲಕ್ಕಿಂತ ಹತ್ತಿರ ಇರೋ ಗಾಡಿಯನ್ನ, ಅದು ಚಲಿಸ್ತಾ ಇರಲಿ, ದಾರಿ ಬಿಡೋಕೆ ನಿಂತಿರಲಿ, ಓವರ್‌ಟೇಕ್ ಮಾಡೋ ಹಾಗೂ ಇಲ್ಲ. ಅಲ್ಲಿ ಝೀಬ್ರಾ ಬಂದದ್ದು 1951ರಲ್ಲಿ, 2022ರ ಜನವರಿಯಿಂದ ದಾಟೋಕೆ ಕಾಯ್ತಾ ನಿಂತಿರೋರಿಗೂ ದಾರಿ ಬಿಡಬೇಕು ಅಂತ ಅವರ ಹೈವೇ ಕೋಡ್‌ಗೆ ಸೇರಿಸಿದಾರೆ. ನನ್ನ ಪ್ರಕಾರ ನಮ್ಮ ಊರುಗಳಿಗೂ ಆ ಗೆರೆ ಬೇಕು, ಯಾಕಂದ್ರೆ ಕ್ರಾಸಿಂಗ್ ಪಕ್ಕದಲ್ಲೇ ಆಟೋ, ಗೂಡ್ಸ್ ಗಾಡಿ ನಿಲ್ಲಿಸೋದರಿಂದ ದಾಟೋರು ಮರೆಯಾಗೋದು ನಮ್ಮಲ್ಲೇ ಹೆಚ್ಚು.

ನಮ್ಮ ಏರಿಯಾ ಕ್ರಾಸಿಂಗಿನ ಬಣ್ಣ ಪೂರ್ತಿ ಅಳಿಸಿ ಹೋಗಿದೆ. ಪಟ್ಟೆ ಕಾಣದಿದ್ರೆ ರೂಲ್ ಇದೆಯೋ ಇಲ್ವೋ? ಯಾರಿಗೆ ಹೇಳೋದು?
(ಓದುಗರು, ಶಿವಮೊಗ್ಗ)

ಪಟ್ಟೆ ಕಾಣದಿದ್ರೂ ಜನ ಕಾಣ್ತಾರಲ್ಲ ಸರ್, ನಡೆಯೋರು, ಮಕ್ಕಳು, ವಯಸ್ಸಾದವರ ಬಗ್ಗೆ ವಿಶೇಷ ಎಚ್ಚರಿಕೆ ವಹಿಸಬೇಕು ಅನ್ನೋ ನಿಯಮಕ್ಕೆ ಬಣ್ಣ ಬೇಕಾಗಿಲ್ಲ. ಆದ್ರೆ ಪಟ್ಟೆ ಇಲ್ಲದ ಕಡೆ ಹೊಸಬ ಡ್ರೈವರ್‌ಗೆ ಅಲ್ಲಿ ಕ್ರಾಸಿಂಗ್ ಇದೆ ಅಂತಲೇ ಗೊತ್ತಾಗಲ್ಲ, ಅದಕ್ಕೇ ಬಣ್ಣ ಬಳಿಸೋದು ಚಿಕ್ಕ ಕೆಲಸ ಅಲ್ಲ.

ಊರೊಳಗಿನ ರಸ್ತೆ ಆದ್ರೆ ಮಹಾನಗರ ಪಾಲಿಕೆ ಕಮಿಷನರ್ ಹೆಸರಿಗೆ ಅರ್ಜಿ ಬರೆದು, ಒಂದು ಪ್ರತಿ ಟ್ರಾಫಿಕ್ ಪೊಲೀಸ್ ಸ್ಟೇಷನ್‌ಗೂ ಕೊಡಿ. ರಾಷ್ಟ್ರೀಯ ಹೆದ್ದಾರಿ ಆದ್ರೆ 1033ಕ್ಕೆ ಫೋನ್ ಮಾಡಿ. ಅರ್ಜೀಲಿ "ತೊಂದರೆ ಆಗ್ತಿದೆ" ಅಂತ ಮಾತ್ರ ಬರೆದ್ರೆ ಫೈಲ್ ಅಲ್ಲೇ ಕೂರುತ್ತೆ. ಯಾವ ಅಂಗಡಿ ಎದುರು, ಯಾವ ಶಾಲೆ ಹತ್ರ, ಎಷ್ಟು ಹೊತ್ತಿಗೆ ಜನ ಹೆಚ್ಚು ದಾಟ್ತಾರೆ, ಬೀದಿದೀಪ ಉರಿಯುತ್ತೋ ಇಲ್ವೋ, ಎಲ್ಲ ಬರೀರಿ, ಹಗಲಿಂದೊಂದು ರಾತ್ರಿದೊಂದು ಫೋಟೋ ಅಂಟಿಸಿ. ಬರೀ ಬಣ್ಣ ಕೇಳಬೇಡಿ, ಕ್ರಾಸಿಂಗನ್ನ ಫುಟ್‌ಪಾತ್ ಎತ್ತರಕ್ಕೆ ಎತ್ತರಿಸಿ ಕೊಡಿ ಅಂತ ಕೇಳಿ, ಅದು ಹಂಪ್ ಥರಾನೂ ಕೆಲಸ ಮಾಡೋದರಿಂದ ಗಾಡಿಯವರು ಸ್ಪೀಡ್ ಇಳಿಸಲೇ ಬೇಕಾಗುತ್ತೆ, ಅಲ್ಲಿ ಓವರ್‌ಟೇಕ್ ಮಾಡೋರೂ ಕಮ್ಮಿ ಆಗ್ತಾರೆ. ಅಕ್ಕಪಕ್ಕದ ಅಂಗಡಿಯವರು, ಶಾಲೆ ಹೆಡ್ ಮಾಸ್ಟರ್ ಸಹಿ ಹಾಕಿಸಿ, ಸ್ವೀಕೃತಿ ಸೀಲ್ ಹಾಕಿಸ್ಕೊಂಡೇ ಬನ್ನಿ. ತಿಂಗಳೊಳಗೆ ಏನೂ ಆಗದಿದ್ರೆ ಆ ಸ್ವೀಕೃತಿಯ ಪ್ರತಿ ಇಟ್ಟು ವಾರ್ಡಿನ ಇಂಜಿನಿಯರ್‌ನ ಖುದ್ದು ನೋಡಿ. ಬಣ್ಣ ಬಿದ್ದ ಮೇಲೆ ನಮಗೂ ಒಂದು ಫೋಟೋ ಕಳಿಸಿ, ಇದೇ ಅಂಕಣದಲ್ಲಿ ಹಾಕ್ತೀವಿ.